ಕಾರಿಗೆ ಹ್ಯಾಮ್ ರೇಡಿಯೋ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಮ್ ರೇಡಿಯೋ ಎಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ಒಬ್ಬರೊಡನೊಬ್ಬರು ಮಾತಾಡುವ ರೇಡಿಯೋ. ಅದರ ಹೊಸ ಸೆಟ್ ಕೈಗೆ ಬಂದ ದಿನ ಎಲ್ಲರಿಗೂ ಅವಸರ. ಡಬ್ಬ ಬಿಚ್ಚಿ, ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿ, ಆಂಟೆನಾವನ್ನು ಎಲ್ಲೋ ಒಂದು ಕಡೆ ಅಂಟಿಸಿ, ಮೈಕ್ ಹಿಡಿದುಬಿಡುವ ಆಸೆ. ನಾನೂ ಹಾಗೇ ಮಾಡಿದವನು. ಆಮೇಲೆ ಮೂರು ಕಾರುಗಳಲ್ಲಿ ಕೂರಿಸಿ, ಕಿತ್ತು, ಮತ್ತೆ ಕೂರಿಸಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಸೆಟ್ ಯಾವ ಕಂಪನಿಯದು ಎನ್ನುವುದಕ್ಕಿಂತ, ಅದಕ್ಕೆ ಕರೆಂಟ್ ತರುವ ತಂತಿ ಹೇಗಿದೆ, ಆಂಟೆನಾ ಎಲ್ಲಿ ನಿಂತಿದೆ ಎನ್ನುವುದೇ ದೊಡ್ಡದು. ಅದಕ್ಕೇ ಇಲ್ಲಿ ಸೆಟ್‌ಗಳ ಸುದ್ದಿ ಕಮ್ಮಿ, ತಂತಿಯ ಸುದ್ದಿ ಜಾಸ್ತಿ.

ಲೈಸೆನ್ಸ್ ಇಲ್ಲದೆ ಕಾರಿನಲ್ಲಿ ಹ್ಯಾಮ್ ಸೆಟ್ ಬಳಸಬಹುದಾ?

ಮಾತಾಡುವಂತಿಲ್ಲ. ಪರೀಕ್ಷೆ ಪಾಸಾಗಿ, ನಿಮ್ಮದೇ ಕಾಲ್‌ಸೈನ್ (ರೇಡಿಯೋದಲ್ಲಿ ನಿಮ್ಮನ್ನು ಗುರುತಿಸುವ ಅಕ್ಷರ-ಅಂಕಿಗಳ ಹೆಸರು) ಬಂದ ಮೇಲೆಯೇ ಮೈಕ್ ಒತ್ತಬೇಕು. ಯಾವ ಬ್ಯಾಂಡ್ (ರೇಡಿಯೋ ಅಲೆಗಳ ಪಟ್ಟಿ), ಎಷ್ಟು ವ್ಯಾಟ್, ವಾಹನದಿಂದ ಮಾತಾಡಲು ಏನು ಷರತ್ತು ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಗಡಿ ದಾಟುವವರು ಆಚೆ ಕಡೆಯ ನಿಯಮವನ್ನು ಹೊರಡುವ ಮೊದಲೇ ಓದಿಕೊಳ್ಳಿ. ಓಡುವ ಗಾಡಿಯಿಂದ ಮಾತಾಡುವಾಗ ಕಾಲ್‌ಸೈನ್ ಹಿಂದೆ ‘ಮೊಬೈಲ್’ ಎಂದು ಸೇರಿಸುವ ರೂಢಿ ಇದೆ. ವ್ಯಾಪಾರದ ಮಾತಿಗೆ ಹ್ಯಾಮ್ ರೇಡಿಯೋ ಬಳಸುವಂತಿಲ್ಲ.

ಕೈಯಲ್ಲಿ ಹಿಡಿಯುವ ಹ್ಯಾಂಡಿ ಸಾಕಾಗಲ್ವಾ?

ಹತ್ತಿರದ ರಿಪೀಟರ್‌ಗೆ (ನಮ್ಮ ಮಾತನ್ನು ಹಿಡಿದು ಜೋರಾಗಿ ಮತ್ತೆ ಬಿತ್ತರಿಸುವ ನಿಲ್ದಾಣ) ಸಾಕಾಗಬಹುದು. ಆದರೆ ಕಾರು ಎಂದರೆ ಕಿಟಕಿ ಇಟ್ಟ ತಗಡಿನ ಡಬ್ಬ. ಅದರೊಳಗೆ ಕೂತು ಗಿಡ್ಡ ರಬ್ಬರ್ ಆಂಟೆನಾದಿಂದ 5 ವ್ಯಾಟ್ ಬಿಟ್ಟರೆ, ಹೊರಗೆ ಹೋಗುವುದು ಅದರಲ್ಲೊಂದು ಪಾಲು ಅಷ್ಟೇ. ದೊಡ್ಡ ಸೆಟ್ ಕೊಳ್ಳುವ ಮೊದಲು ಒಂದು ಪ್ರಯೋಗ ಮಾಡಿ. ಅದೇ ಹ್ಯಾಂಡಿಗೆ ಅಡಾಪ್ಟರ್ ಹಾಕಿ, ಮೇಲ್ಛಾವಣಿಯ ಮೇಲಿನ ಆಂಟೆನಾಗೆ ಜೋಡಿಸಿ. ವ್ಯತ್ಯಾಸ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ಎಷ್ಟೋ ಜನರಿಗೆ ಅಷ್ಟೇ ಸಾಕು.

ಮೊದಲ ಬಾರಿಗೆ ಯಾವ ತರಹದ ಸೆಟ್ ಒಳ್ಳೆಯದು?

2 ಮೀಟರ್ ಮತ್ತು 70 ಸೆಂಟಿಮೀಟರ್ ಬ್ಯಾಂಡ್ (ಅಲೆಯ ಉದ್ದವೇ ಬ್ಯಾಂಡಿನ ಹೆಸರು) ಎರಡೂ ಇರುವ 50 ವ್ಯಾಟ್‌ನ ಎಫ್‌ಎಂ ಸೆಟ್. ಮುಂಭಾಗ ಬಿಚ್ಚಿ ಬೇರೆ ಕಡೆ ಇಡುವಂತಿದ್ದರೆ ಇನ್ನೂ ಒಳ್ಳೆಯದು. ಇವತ್ತಿನ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಇಡೀ ಸೆಟ್ ಹಿಡಿಸುವ ಜಾಗವೇ ಇರುವುದಿಲ್ಲ.

ಸಿಗರೇಟ್ ಲೈಟರ್ ಸಾಕೆಟ್‌ನಿಂದಲೇ ಕರೆಂಟ್ ತೆಗೆದರೆ ಏನಾಗುತ್ತದೆ?

ಕೇಳುವುದಕ್ಕೆ ಏನೂ ತೊಂದರೆ ಇಲ್ಲ. ಮಾತಾಡಲು ಹೊರಟಾಗ ತೊಂದರೆ. 50 ವ್ಯಾಟ್ ಸೆಟ್ ಮಾತಾಡುವಾಗ 10ರಿಂದ 12 ಆಂಪ್ ಎಳೆಯುತ್ತದೆ. ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪ್. ಫ್ಯೂಸ್ ಹೋಗದಿದ್ದರೂ ಸಾಕೆಟ್‌ನ ಒಳಗಿನ ಹಿಡಿತ ಸ್ಪ್ರಿಂಗ್‌ನದು. ಗಾಡಿ ಕುಲುಕಿದಾಗಲೆಲ್ಲ ಅದು ಸಡಿಲವಾಗುತ್ತದೆ.

ನನ್ನ ಮೊದಲ ಕಾರಿನಲ್ಲಿ ಇದೇ ಆಯಿತು. ನಾನು ಮಾತು ಶುರು ಮಾಡಿದ ಕೂಡಲೇ ಸೆಟ್ ಆಫ್. ಬಿಟ್ಟರೆ ಮತ್ತೆ ಆನ್. ಸೆಟ್ಟೇ ಕೆಟ್ಟಿದೆ ಎಂದು ಎರಡು ದಿನ ಅದನ್ನೇ ಬೈದೆ. ಕೊನೆಗೆ ಗೆಳೆಯನ ಕೈಗೆ ಮೈಕ್ ಕೊಟ್ಟು, ನಾನು ಮಲ್ಟಿಮೀಟರ್ ಹಿಡಿದೆ. ಅವನು ಗುಂಡಿ ಒತ್ತಿದಾಗ ಬ್ಯಾಟರಿಯ ಮೇಲೆ 12.4 ವೋಲ್ಟ್. ಸೆಟ್‌ನ ಬೆನ್ನಿಗೆ ಬಂದು ಅಳೆದರೆ 10.3. ಎರಡು ವೋಲ್ಟ್ ದಾರಿಯಲ್ಲೇ ಮಾಯ! ಪ್ಲಗ್ ಕಿತ್ತು ನೋಡಿದರೆ ತುದಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಕಡೆ ಕುಸಿದಿತ್ತು, ಮುಟ್ಟಿದ ಬೆರಳು ಚುರ್ರೆಂದಿತು. ಆ ಪ್ಲಗ್ ಇನ್ನೂ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದೆ. ಯಾರಾದರೂ ಈ ಪ್ರಶ್ನೆ ಕೇಳಿದರೆ ಸುಮ್ನೆ ಅದನ್ನೇ ತೆಗೆದು ತೋರಿಸುತ್ತೇನೆ.

ಸಾಕೆಟ್ ಬಿಟ್ಟರೆ ಗತಿಯಿಲ್ಲ ಎನ್ನುವ ದಿನ, ಬಾಡಿಗೆ ಗಾಡಿಯಲ್ಲೋ ಗೆಳೆಯರ ಗಾಡಿಯಲ್ಲೋ, ಸೆಟ್ಟನ್ನು 5 ಅಥವಾ 10 ವ್ಯಾಟ್‌ಗೆ ಇಳಿಸಿ ಬಳಸಿ.

ಹಾಗಾದರೆ ಕರೆಂಟ್ ಎಲ್ಲಿಂದ ತರಬೇಕು? ತಂತಿ ಎಷ್ಟು ದಪ್ಪ ಇರಬೇಕು?

ನೇರವಾಗಿ ಬ್ಯಾಟರಿಯಿಂದ. ಮಧ್ಯೆ ಇನ್ಯಾವ ತಂತಿಗೂ ಗಂಟು ಹಾಕಬೇಡಿ.

ದಪ್ಪದ ಲೆಕ್ಕ ಸುಲಭ. ಬ್ಯಾಟರಿಯಿಂದ ಸೆಟ್‌ಗೆ 4 ಮೀಟರ್ ಎಂದುಕೊಳ್ಳಿ. ಹೋಗುವ ತಂತಿ, ಬರುವ ತಂತಿ ಸೇರಿ 8 ಮೀಟರ್. 1 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಲ್ಲಿ 12 ಆಂಪ್ ಹರಿದರೆ ಸುಮಾರು 1.6 ವೋಲ್ಟ್ ತಂತಿಯಲ್ಲೇ ಹೋಗುತ್ತದೆ. 2.5 ಚದರ ಮಿಲಿಮೀಟರ್‌ನಲ್ಲಿ ಸುಮಾರು 0.7. 4ರಲ್ಲಿ 0.4. ಹೆಚ್ಚಿನ ಸೆಟ್‌ಗಳಿಗೆ ಬೇಕಾದದ್ದು 13.8 ವೋಲ್ಟ್, ಅದರ ಮೇಲೆ ಕೆಳಗೆ ಶೇಕಡಾ 15ರಷ್ಟು ಸಡಿಲ. ಅಂದರೆ 11.7ಕ್ಕಿಂತ ಇಳಿದರೆ ಅದು ಗೊಣಗಲು ಶುರು ಮಾಡುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) 14 ವೋಲ್ಟ್ ಹತ್ತಿರ ಕೊಡುವುದರಿಂದ ತೆಳು ತಂತಿಯ ತಪ್ಪು ಮುಚ್ಚಿಹೋಗುತ್ತದೆ. ಎಂಜಿನ್ ಆಫ್ ಮಾಡಿದಾಗ ಬಯಲಾಗುತ್ತದೆ.

50 ವ್ಯಾಟ್‌ಗೆ 4 ಚದರ ಮಿಲಿಮೀಟರ್ ಹಾಕಿ. 100 ವ್ಯಾಟ್‌ನ ಎಚ್‌ಎಫ್ (ದೂರದೂರಕ್ಕೆ ಮಾತಾಡುವ ಶಾರ್ಟ್‌ವೇವ್) ಸೆಟ್ 20 ಆಂಪ್ ದಾಟುತ್ತದೆ, ಅದಕ್ಕೆ 6 ಹಾಕಿ. ಸೆಟ್ ಡಿಕ್ಕಿಯಲ್ಲಿದ್ದರೆ ತಂತಿ ಉದ್ದವಾಗುತ್ತದೆ, ಲೆಕ್ಕ ಮತ್ತೆ ಮಾಡಿ. ತುದಿಗೆ ರಿಂಗ್ ಲಗ್ (ಬೋಲ್ಟ್ ಹಾಕುವ ಲೋಹದ ಉಂಗುರ) ಹಾಕಿ ಸರಿಯಾದ ಉಪಕರಣದಿಂದ ಕ್ರಿಂಪ್ ಮಾಡಿ, ಅಂದರೆ ತಂತಿಯ ಮೇಲೆ ಬಿಗಿಯಾಗಿ ಒತ್ತಿ. ಕಟಿಂಗ್ ಪ್ಲೇಯರ್‌ನಲ್ಲಿ ಹಿಚುಕಿದ ಲಗ್ ಆರು ತಿಂಗಳಲ್ಲಿ ಕೈಗೆ ಬರುತ್ತದೆ.

ಸೆಟ್‌ನ ವೈರಿನಲ್ಲೇ ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ?

ಅದು ಸಾಮಾನ್ಯವಾಗಿ ಇರುವುದು ಸೆಟ್‌ನ ಹತ್ತಿರ. ಅಲ್ಲಿಂದ ಬ್ಯಾಟರಿವರೆಗಿನ ತಂತಿಯನ್ನು ಯಾರು ಕಾಯುತ್ತಾರೆ? ಎಂಜಿನ್ ಹತ್ತಿರ ಎಲ್ಲೋ ಅದರ ಸಿಪ್ಪೆ ಉಜ್ಜಿಹೋಗಿ ಕಾರಿನ ತಗಡಿನ ಬಾಡಿಗೆ ತಾಗಿತು ಎಂದುಕೊಳ್ಳಿ. ಕಾರಿನ ಬ್ಯಾಟರಿ ಸೆಲ್ಫ್ ಹೊಡೆಯಲು ನೂರಾರು ಆಂಪ್ ಕೊಡುವಂಥದ್ದು. ಅಷ್ಟೂ ಆ ತಂತಿಯಲ್ಲಿ ಹರಿದರೆ ತಂತಿ ಕೆಂಪಗೆ ಕಾಯುತ್ತದೆ. ಹಾಗಾಗಿ ಪಾಸಿಟಿವ್ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಕಾಯುವುದು ಮುಖ್ಯವಾಗಿ ತಂತಿಯನ್ನು, ಸೆಟ್ಟನ್ನಲ್ಲ. 50 ವ್ಯಾಟ್‌ಗೆ 15 ಆಂಪ್, 100 ವ್ಯಾಟ್‌ಗೆ 25 ಅಥವಾ 30. ಸೆಟ್‌ನ ಪುಸ್ತಕ ಬೇರೆ ಹೇಳಿದರೆ ಅದನ್ನೇ ಕೇಳಿ.

ನೆಗೆಟಿವ್ ತಂತಿಯನ್ನೂ ಬ್ಯಾಟರಿಗೇ ಕೊಡಬೇಕಾ?

ಹಳೆಯ ಕಾರಿನಲ್ಲಿ ಹಾಗೆ ಮಾಡುತ್ತಿದ್ದರು. ಹೊಸ ಕಾರಿನಲ್ಲಿ ಮೊದಲು ಬ್ಯಾಟರಿಯ ನೆಗೆಟಿವ್ ಕಂಬವನ್ನು ಸರಿಯಾಗಿ ನೋಡಿ. ಅದರ ಕ್ಲ್ಯಾಂಪಿಗೆ ಅಂಟಿಕೊಂಡಂತೆ ಒಂದು ಪುಟ್ಟ ಕಪ್ಪು ಡಬ್ಬಿ, ಅದರಿಂದ ಸಣ್ಣ ವೈರ್ ಹೊರಟಿದ್ದರೆ ಅದು ಕರೆಂಟ್ ಅಳೆಯುವ ಸೆನ್ಸರ್. ನಿಮ್ಮ ತಂತಿಯನ್ನು ನೇರ ಕಂಬಕ್ಕೆ ಕೊಟ್ಟರೆ ಸೆಟ್ ಎಳೆದ ಕರೆಂಟ್ ಸೆನ್ಸರ್‌ನ ಕಣ್ಣು ತಪ್ಪಿಸಿ ಹೋಗುತ್ತದೆ. ಕಾರಿನ ಕಂಪ್ಯೂಟರ್ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಬ್ಯಾಟರಿಯ ದಪ್ಪ ನೆಗೆಟಿವ್ ಕೇಬಲ್ ಬಾಡಿಗೆ ಬೋಲ್ಟ್ ಆಗಿರುವ ಜಾಗವೇ ನಿಮ್ಮ ತಂತಿಗೂ ಸರಿಯಾದ ಜಾಗ.

ನೆಗೆಟಿವ್‌ಗೂ ಫ್ಯೂಸ್ ಬೇಕೇ ಎಂಬ ಜಗಳ ಹ್ಯಾಮ್‌ಗಳ ನಡುವೆ ಎಂದೂ ಮುಗಿಯುವುದಿಲ್ಲ. ನನ್ನ ಅಭಿಪ್ರಾಯ ಇದು: ತಂತಿ ನೇರ ಬ್ಯಾಟರಿ ಕಂಬಕ್ಕೆ ಹೋಗಿದ್ದರೆ ಬೇಕು. ಎಂಜಿನ್‌ನ ಅರ್ಥ್ ಪಟ್ಟಿ ಸಡಿಲವಾದ ದಿನ ಸೆಲ್ಫ್ ಮೋಟರಿನ ಕರೆಂಟ್ ನಿಮ್ಮ ಸೆಟ್ ದಾರಿಯಲ್ಲಿ ವಾಪಸ್ ಬರಲು ನೋಡುತ್ತದೆ. ತಂತಿಯನ್ನು ಕಾರಿನ ಬಾಡಿಯ ತಗಡಿಗೆ ಜೋಡಿಸಿದ್ದರೆ ಬೇಡ.

ಕೆಲಸ ಶುರು ಮಾಡುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಿ. ಪಾಸಿಟಿವ್ ಮೇಲೆ ಸ್ಪ್ಯಾನರ್ ಇಟ್ಟು ತಿರುಗಿಸುವಾಗ ಅದರ ಬಾಲ ಬಾಡಿಗೆ ತಾಗಿದರೂ ಕಿಡಿ ಹಾರಬಾರದು, ಅದಕ್ಕೆ.

ಬಾನೆಟ್‌ನಿಂದ ಒಳಗೆ ತಂತಿ ತರುವುದು ಹೇಗೆ? ತೂತು ಕೊರೆಯಬೇಕಾ?

ಬಹಳ ಸಲ ಬೇಡ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ವೈರಿಂಗ್ ಕಟ್ಟು ಹಾದುಹೋಗುವ ದೊಡ್ಡ ರಬ್ಬರ್ ಬುಷ್ ಇರುತ್ತದೆ. ಅದರಲ್ಲಿ ಬಳಸದ ಒಂದು ಮೊಲೆಯಂಥ ಮೊನೆಯೂ ಇರುವುದುಂಟು. ಅದರ ತುದಿ ಕತ್ತರಿಸಿ ತಂತಿ ತೂರಿಸಿ. ಗಟ್ಟಿ ಕಬ್ಬಿಣದ ತಂತಿಯೊಂದನ್ನು ಮೊದಲು ತೂರಿಸಿ, ಅದಕ್ಕೆ ಟೇಪ್ ಸುತ್ತಿ ಎಳೆದುಕೊಂಡರೆ ಸಲೀಸು. ಬರೀ ತಗಡಿನ ತೂತಿನಲ್ಲಿ ರಬ್ಬರ್ ಇಲ್ಲದೆ ತಂತಿ ಹಾಯಿಸಬೇಡಿ, ಅಂಚು ಬ್ಲೇಡಿನ ಹಾಗಿರುತ್ತದೆ. ಎಂಜಿನ್ ಕಡೆಯ ಭಾಗಕ್ಕೆ ಸುಕ್ಕು ಪೈಪ್ ಹಾಕಿ. ಸೈಲೆನ್ಸರ್ ಪೈಪ್, ಸ್ಟೀರಿಂಗ್ ದಂಡ, ಪೆಡಲ್‌ಗಳಿಂದ ದೂರ ಕಟ್ಟಿ.

ಸೆಟ್ಟನ್ನು ಎಲ್ಲಿ ಇಡಬೇಕು?

ಸೀಟಿನ ಕೆಳಗೆ, ಇಲ್ಲವೇ ಡಿಕ್ಕಿಯಲ್ಲಿ. ಮುಂಭಾಗ ಮಾತ್ರ ಕಣ್ಣಿಗೆ ಕಾಣುವಂತೆ ಡ್ಯಾಶ್‌ಬೋರ್ಡ್ ಹತ್ತಿರ. ಬೆನ್ನಿಗೆ ಗಾಳಿ ಬರಲಿ, ಮಾತಾಡುವಾಗ ಒಳ್ಳೇ ಬಿಸಿಯಾಗುತ್ತದೆ. ಏರ್‌ಬ್ಯಾಗ್ ಇರುವ ಕಡೆ ಏನನ್ನೂ ಕೂರಿಸಬೇಡಿ. ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡ್ ಅಷ್ಟೇ ಅಲ್ಲ, ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ, ಬಾಗಿಲ ಮೇಲಿನ ಪಟ್ಟಿಯಲ್ಲಿ, ಸೀಟಿನ ಪಕ್ಕದಲ್ಲಿ ಕೂಡ ಇರುತ್ತವೆ. ಆ ಕಂಬದ ಒಳಗೆ ಕೇಬಲ್ ತುರುಕುವುದೂ ಬೇಡ. ಸ್ಕ್ರೂ ಹಾಕುವ ಮೊದಲು ಕಾರ್ಪೆಟ್ ಎತ್ತಿ ಕೆಳಗೆ ಏನಿದೆ ನೋಡಿ. ವೈರಿಂಗ್ ಕಟ್ಟು ಅಥವಾ ಪೆಟ್ರೋಲ್ ಪೈಪ್ ಇದ್ದರೆ ಸ್ಕ್ರೂಗೆ ಅದೇನು ಗೊತ್ತಾಗುತ್ತದೆ?

ಆಂಟೆನಾಗೆ ಒಳ್ಳೆಯ ಜಾಗ ಯಾವುದು?

ಮೇಲ್ಛಾವಣಿಯ ನಡು ಮಧ್ಯ. ಇದರ ಮುಂದೆ ಬೇರೆ ಯಾವ ಜಾಗವೂ ನಿಲ್ಲುವುದಿಲ್ಲ.

ಕಾರಣ ಇದೆ. ನೀವು ನೋಡುವ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಉಳಿದರ್ಧ ಅದರ ಕೆಳಗಿನ ತಗಡು. 145 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 2 ಮೀಟರ್. ಅದರ ಕಾಲು ಭಾಗದ ಕಡ್ಡಿ ಸುಮಾರು 49 ಸೆಂಟಿಮೀಟರ್. ಕಡ್ಡಿಯ ಸುತ್ತ ಎಲ್ಲ ಕಡೆಗೂ ಅಷ್ಟೇ ಅಗಲದ ತಗಡು ಸಿಕ್ಕಿದರೆ ಆಂಟೆನಾ ಖುಷಿಯಾಗಿರುತ್ತದೆ. ಛಾವಣಿಯ ನಡುವೆ ಇದು ತಾನಾಗಿ ಸಿಗುತ್ತದೆ. ಡಿಕ್ಕಿ ಬಾಗಿಲಿನ ಮೂಲೆಗೆ ಕೂರಿಸಿದರೆ ತಗಡು ಒಂದೇ ಕಡೆ. ಆಗ ಅಲೆ ತಗಡು ಜಾಸ್ತಿ ಇರುವ ದಿಕ್ಕಿಗೆ ವಾಲುತ್ತದೆ. ಹಿಂದಿನ ಎಡ ಮೂಲೆಯ ಆಂಟೆನಾ ಮುಂದಿನ ಬಲಕ್ಕೆ ಚೆನ್ನಾಗಿ ಕೇಳಿಸುತ್ತದೆ, ಹಿಂದಕ್ಕೆ ಅಷ್ಟಕ್ಕಷ್ಟೆ. ಬಂಪರ್ ಮೇಲೆ ಇಟ್ಟರೆ ಅರ್ಧ ಕಡ್ಡಿ ಕಾರಿನ ಮರೆಯಲ್ಲೇ ನಿಲ್ಲುತ್ತದೆ.

ಛಾವಣಿ ಪೂರ್ತಿ ಗಾಜಿನದಾಗಿದ್ದರೆ? ಆಗ ಡಿಕ್ಕಿ ಅಂಚೇ ಗತಿ. ಪ್ಲಾಸ್ಟಿಕ್ ಹೊದಿಕೆಯ ಲಗೇಜ್ ಕಂಬಿಗೆ ಕ್ಲ್ಯಾಂಪ್ ಹಾಕಿ, ಆಂಟೆನಾ ಕೆಲಸ ಮಾಡುತ್ತಿಲ್ಲ ಎಂದು ಅಳುವವರು ತುಂಬಾ ಜನ. ಅಲ್ಲಿ ತಗಡಿನ ಸಂಪರ್ಕವೇ ಇಲ್ಲ, ಅದೇನು ಮಾಡೀತು ಪಾಪ.

ಮ್ಯಾಗ್ನೆಟ್ ಆಂಟೆನಾ ಸಾಕಾ, ಛಾವಣಿಗೆ ತೂತು ಕೊರೆಯಲೇಬೇಕಾ?

ಮೊದಲ ವರ್ಷ ಮ್ಯಾಗ್ನೆಟ್ಟೇ ಇರಲಿ. ಕೈ ಕಚ್ಚುವುದಿಲ್ಲ, ಜಾಗ ಬದಲಿಸಿ ನೋಡಬಹುದು, ಕಾರು ಮಾರುವಾಗ ಕಿತ್ತಿಟ್ಟುಕೊಳ್ಳಬಹುದು. ಛಾವಣಿ ಕಬ್ಬಿಣದ್ದಾಗಿರಬೇಕು ಅಷ್ಟೇ. ಅಲ್ಯೂಮಿನಿಯಂ ಅಥವಾ ಫೈಬರ್ ಆದರೆ ಕಚ್ಚಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಎತ್ತಿ ಕೆಳಗಿನ ದೂಳು ಒರೆಸಿ. ಇಲ್ಲದಿದ್ದರೆ ಮರಳಿನ ಕಣ ಪೇಂಟನ್ನು ಉಂಗುರದ ಆಕಾರಕ್ಕೆ ತಿಂದುಹಾಕುತ್ತದೆ. ಎತ್ತುವಾಗ ಬುಡ ಹಿಡಿದು ಎತ್ತಿ, ಎಳೆದು ಜಾರಿಸಬೇಡಿ.

ಅದರ ದೊಡ್ಡ ಶತ್ರು ಬಾಗಿಲು. ಕೇಬಲ್ ಬಾಗಿಲ ಸಂದಿಯಲ್ಲಿ ಒಳಗೆ ಬರುತ್ತದೆ, ದಿನಕ್ಕೆ ಹತ್ತು ಸಲ ನಾವು ಅದನ್ನು ಬಾಗಿಲಿನಿಂದ ಕಚ್ಚಿಸುತ್ತೇವೆ. ಹೊರಗಿನ ಕಪ್ಪು ಸಿಪ್ಪೆ ಚೆನ್ನಾಗೇ ಕಾಣುತ್ತದೆ, ಒಳಗಿನ ಜಾಲರಿ ಮಾತ್ರ ಚಪ್ಪಟೆಯಾಗಿರುತ್ತದೆ. ಮೆತ್ತನೆಯ ರಬ್ಬರ್ ದಪ್ಪಗಿರುವ ಕಡೆ, ಹಿಂದಿನ ಬಾಗಿಲಿನ ಅಥವಾ ಡಿಕ್ಕಿಯ ಸಂದಿಯಲ್ಲಿ ಹಾಯಿಸಿ.

ಖಾಯಂ ಕೆಲಸಕ್ಕೆ ಎನ್‌ಎಂಓ ಎನ್ನುವ ತಿರುಪಿನ ಬುಡ ಒಳ್ಳೆಯದು. ಅದಕ್ಕೆ ಸಾಮಾನ್ಯವಾಗಿ 19 ಮಿಲಿಮೀಟರ್ ತೂತು ಬೇಕು. ಸ್ವಂತ ಕಾರಿನ ಛಾವಣಿಗೆ ಡ್ರಿಲ್ ಇಟ್ಟ ಗಳಿಗೆಯಲ್ಲಿ ಎದೆ ಡವಡವ ಅನ್ನುತ್ತದೆ, ನಿಜ. ಒಳಗಿನ ಬಟ್ಟೆ ಇಳಿಸಿ, ಅಡ್ಡಪಟ್ಟಿ ಎಲ್ಲಿದೆ, ಏರ್‌ಬ್ಯಾಗ್ ಎಲ್ಲಿದೆ ನೋಡಿಕೊಂಡು ಕೊರೆಯಿರಿ. ಮಧ್ಯದ ದಾರಿ ಎಂದರೆ ಡಿಕ್ಕಿ ಬಾಗಿಲಿನ ಅಂಚಿಗೆ ಕಚ್ಚುವ ಕ್ಲ್ಯಾಂಪ್. ಅದರ ಪುಟ್ಟ ತಿರುಪುಗಳು ಪೇಂಟ್ ಚುಚ್ಚಿ ತಗಡಿಗೆ ತಾಗಬೇಕು. ಪೇಂಟ್ ಹಾಳಾಗುತ್ತದೆಂದು ಕೆಳಗೆ ರಬ್ಬರ್ ತುಂಡು ಇಟ್ಟರೆ ಆಂಟೆನಾಗೆ ನೆಲೆಯೇ ಇಲ್ಲ.

ಕೇಬಲ್ ಉದ್ದ ಮಿಕ್ಕಿದೆ. ಸುತ್ತಿಡಬಹುದಾ?

ಇಡಬಹುದು, ಆದರೆ ಕತ್ತರಿಸುವುದು ಮೇಲು. ಆರ್‌ಜಿ-58 ತರಹದ ತೆಳು ಕೇಬಲ್ 5 ಮೀಟರ್ ಇದ್ದರೆ 2 ಮೀಟರ್ ಬ್ಯಾಂಡಿನಲ್ಲಿ ಸುಮಾರು 1 ಡೆಸಿಬೆಲ್ ತಿನ್ನುತ್ತದೆ. ಐದರಲ್ಲೊಂದು ಪಾಲು ಶಕ್ತಿ ಬಿಸಿಯಾಗಿ ಹೋದಂತೆ. 70 ಸೆಂಟಿಮೀಟರ್‌ನಲ್ಲಿ ಇನ್ನೂ ಜಾಸ್ತಿ.

ಎಸ್‌ಡಬ್ಲ್ಯುಆರ್ ಎಷ್ಟಿದ್ದರೆ ಸರಿ?

ಆಂಟೆನಾಗೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ತೋರಿಸುವ ಅಳತೆ ಇದು. 1.5ರೊಳಗೆ ಇದ್ದರೆ ಚಿಂತೆ ಬಿಡಿ. ಆಗ ವಾಪಸ್ ಬರುವುದು ಶೇಕಡಾ 4 ಮಾತ್ರ. 2 ಇದ್ದರೆ ಶೇಕಡಾ 11, ನಡೆಯುತ್ತದೆ. 3ಕ್ಕೆ ಶೇಕಡಾ 25, ಅಲ್ಲಿಗೆ ನಿಲ್ಲಿಸಿ ಕಾರಣ ಹುಡುಕಿ. ಅಳೆಯುವಾಗ ಕಾರು ಬಯಲಲ್ಲಿರಲಿ, ಬಾಗಿಲು ಡಿಕ್ಕಿ ಮುಚ್ಚಿರಲಿ, ಯಾರೂ ಕಾರಿಗೆ ಒರಗಿ ನಿಲ್ಲಬೇಡಿ.

ಬ್ಯಾಂಡಿನ ಕೆಳ ತುದಿಯಲ್ಲಿ ಚೆನ್ನಾಗಿದ್ದು ಮೇಲೆ ಹೋದಂತೆ ಹೆಚ್ಚಾದರೆ ಕಡ್ಡಿ ಉದ್ದವಾಗಿದೆ ಎಂದರ್ಥ. 2 ಮೀಟರ್‌ನ ಕಾಲಲೆಯ ಕಡ್ಡಿಯಲ್ಲಿ 5 ಮಿಲಿಮೀಟರ್ ಕಮ್ಮಿ ಮಾಡಿದರೆ ಸುಮಾರು ಒಂದೂವರೆ ಮೆಗಾಹರ್ಟ್ಸ್ ಮೇಲೆ ಸರಿಯುತ್ತದೆ. ಒಂದೊಂದೇ ಮಿಲಿಮೀಟರ್ ಕತ್ತರಿಸಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಇನ್ನೊಂದು ಮಾತು: ಮೀಟರ್ ಚೆನ್ನಾಗಿ ತೋರಿಸಿತು ಎಂದ ಮಾತ್ರಕ್ಕೆ ಆಂಟೆನಾ ಒಳ್ಳೆಯದಲ್ಲ. 50 ಓಮ್‌ನ ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾ ಬದಲು ಹಾಕುವ, ಶಕ್ತಿಯನ್ನೆಲ್ಲ ಬಿಸಿ ಮಾಡಿಬಿಡುವ ರೆಸಿಸ್ಟರ್) ಕೂಡ 1 ತೋರಿಸುತ್ತದೆ. ಅದರಿಂದ ಪಕ್ಕದ ಬೀದಿಗೂ ಕೇಳುವುದಿಲ್ಲ.

ಎಂಜಿನ್ ಸ್ಪೀಡ್ ಏರಿದಂತೆ ಕುಯ್ಯೋ ಎನ್ನುವ ಸದ್ದು ಬರುತ್ತಿದೆ. ಏನು ಮಾಡಲಿ?

ಅದು ಆಲ್ಟರ್ನೇಟರ್ ರಾಗ. ಮೊದಲು ಆಂಟೆನಾ ಬಿಚ್ಚಿ ಕೇಳಿ (ಬಿಚ್ಚಿದಾಗ ಮೈಕ್ ಒತ್ತಬೇಡಿ). ಸದ್ದು ಹಾಗೇ ಇದ್ದರೆ ಕರೆಂಟ್ ತಂತಿಯಲ್ಲಿ ಬರುತ್ತಿದೆ. ನಿಂತರೆ ಆಂಟೆನಾ ದಾರಿಯಲ್ಲಿ ಬರುತ್ತಿದೆ. ತಂತಿಯಲ್ಲಿ ಬರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ನೆಗೆಟಿವ್ ಜೋಡಣೆ ಸಡಿಲ, ಇಲ್ಲವೇ ಪೇಂಟ್ ಮೇಲೇ ಕೂತಿದೆ. ಉಜ್ಜಿ, ಬಿಗಿ ಮಾಡಿ. ಫಿಲ್ಟರ್ ಕೊಳ್ಳುವುದು ಆಮೇಲೆ.

ಟಕ್ ಟಕ್ ಎಂದು ಎಂಜಿನ್ ಲಯಕ್ಕೆ ಬಂದರೆ ಸ್ಪಾರ್ಕ್ ಪ್ಲಗ್ ಕಡೆಯದ್ದು. ಎಂಜಿನ್ ಸ್ಪೀಡಿಗೆ ಬದಲಾಗದ ಗುಂಯ್‌ಗುಡುವಿಕೆ ಆದರೆ ಚಾರ್ಜರ್, ಎಲ್‌ಇಡಿ ದೀಪ, ಡ್ಯಾಶ್ ಕ್ಯಾಮೆರಾ ಒಂದೊಂದಾಗಿ ಕಿತ್ತು ನೋಡಿ. ನಾನು ಎರಡು ಭಾನುವಾರ ಬಾನೆಟ್‌ಗೆ ಪಟ್ಟಿ ಕಟ್ಟಿ, ತಂತಿಗಳಿಗೆ ಫೆರೈಟ್ (ಸದ್ದು ತಡೆಯುವ ಉಂಗುರ) ಹಾಕಿ ಒದ್ದಾಡಿದ್ದೆ. ಮೂರನೆಯ ಭಾನುವಾರ ಫೋನ್ ಚಾರ್ಜರ್ ಕಿತ್ತೆ. ರೇಡಿಯೋ ಶಾಂತ.

ಕಾರಿನ ಎಲೆಕ್ಟ್ರಾನಿಕ್ಸ್ ಹಾಳಾಗುತ್ತದಾ?

ಸರಿಯಾಗಿ ಕೂರಿಸಿದರೆ ತೊಂದರೆ ಅಪರೂಪ. ಆದರೂ ಕಾರಿನ ಕಂಪನಿ ಸೂಚನೆ ಕೊಟ್ಟಿದೆಯಾ ನೋಡಿ. ಎಷ್ಟೋ ಕಂಪನಿಗಳು ಯಾವ ಬ್ಯಾಂಡಿಗೆ ಎಷ್ಟು ವ್ಯಾಟ್, ಆಂಟೆನಾ ಎಲ್ಲಿ ಎಂದು ಪುಸ್ತಕದಲ್ಲೇ ಬರೆದಿರುತ್ತವೆ. ಆಂಟೆನಾ ಕೇಬಲನ್ನು ಕಾರಿನ ವೈರಿಂಗ್ ಕಟ್ಟಿನ ಜೊತೆ ಸೇರಿಸಿ ಕಟ್ಟಬೇಡಿ. ಮೊದಲ ಸಲ ನಿಂತ ಗಾಡಿಯಲ್ಲಿ ಕಡಿಮೆ ವ್ಯಾಟ್‌ನಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಏರಿಸಿ. ವೈಪರ್ ತಾನೇ ಆಡುತ್ತದಾ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದಾ ನೋಡಿ.

ಬ್ಯಾಟರಿ ಇಳಿದುಹೋಗುತ್ತಾ?

ಮರೆತರೆ ಹೋಗುತ್ತದೆ. ಸುಮ್ನೆ ಕೇಳುತ್ತಾ ಕೂತ ಸೆಟ್ ಅರ್ಧ ಆಂಪ್ ಎಳೆದರೂ ಹತ್ತು ಗಂಟೆಗೆ 5 ಆಂಪ್-ಅವರ್ ಆಯಿತು. ಒಂದು ರಾತ್ರಿಗೆ ಹೊಸ ಬ್ಯಾಟರಿ ತಡೆಯುತ್ತದೆ, ಹಳೆಯದು ತಡೆಯುವುದಿಲ್ಲ. ಸೆಟ್‌ನಲ್ಲಿ ತಾನೇ ಆಫ್ ಆಗುವ ಆಯ್ಕೆ ಇದ್ದರೆ ಹಾಕಿಡಿ. ಇಲ್ಲವೇ ಕೀ ತಿರುಗಿಸಿದಾಗ ಮಾತ್ರ ಒತ್ತಿಕೊಳ್ಳುವ ರಿಲೇ ಹಾಕಿ.

ಎಲೆಕ್ಟ್ರಿಕ್ ಕಾರಿನಲ್ಲಿ?

ಅದರಲ್ಲೂ ದೀಪ, ವೈಪರ್‌ಗಳಿಗೆ ಸಾಮಾನ್ಯವಾಗಿ 12 ವೋಲ್ಟ್‌ನ ಪುಟ್ಟ ಬ್ಯಾಟರಿ ಬೇರೆ ಇರುತ್ತದೆ. ತಂತಿ ಅಲ್ಲಿಂದ. ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಕೈ ಹಾಕಲೇಬೇಡಿ, ಅವು ನೂರಾರು ವೋಲ್ಟ್‌ನವು. ಎಫ್‌ಎಂ ಕೆಲಸ ಚೆನ್ನಾಗಿ ನಡೆಯುತ್ತದೆ. ಎಚ್‌ಎಫ್‌ನಲ್ಲಿ ಮೋಟರ್‌ನ ಇನ್ವರ್ಟರ್ ಸದ್ದು ಕಾಡುತ್ತದೆ.

ಲಾರಿಗೆ 24 ವೋಲ್ಟ್ ಇದೆಯಲ್ಲ?

24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ಕದಿಯಬೇಡಿ, ಒಂದು ಹಸಿದು ಇನ್ನೊಂದು ಉಬ್ಬುತ್ತದೆ.

ಎಚ್‌ಎಫ್ ಕಾರಿನಲ್ಲಿ ಸಾಧ್ಯವಾ?

ಸಾಧ್ಯ, ಚಟ ಹಿಡಿಸುವಂಥದ್ದು ಕೂಡ. ಆದರೆ 7 ಮೆಗಾಹರ್ಟ್ಸ್‌ಗೆ ಕಾಲಲೆಯ ಕಡ್ಡಿ ಸುಮಾರು 10 ಮೀಟರ್. ಕಾರಿನ ಮೇಲೆ ನಿಲ್ಲುವುದು ಎರಡೋ ಎರಡೂವರೆಯೋ ಮೀಟರ್. ಉಳಿದದ್ದನ್ನು ಕಾಯಿಲ್ ತುಂಬಬೇಕು, ಅದು ಸಾಕಷ್ಟು ಶಕ್ತಿ ನುಂಗುತ್ತದೆ. ಕಾಯಿಲ್ ದಪ್ಪ ತಂತಿಯದಾಗಿ, ಕಡ್ಡಿಯ ಮಧ್ಯದಲ್ಲಿದ್ದಷ್ಟೂ ಒಳ್ಳೆಯದು. ಬಾಡಿಯ ಭಾಗಗಳನ್ನೆಲ್ಲ, ಅಂದರೆ ಬಾನೆಟ್, ಡಿಕ್ಕಿ ಬಾಗಿಲು, ಸೈಲೆನ್ಸರ್ ಪೈಪ್, ಜಾಲರಿ ಪಟ್ಟಿಯಿಂದ ಒಂದಕ್ಕೊಂದು ಕಟ್ಟಬೇಕು. ಇದು ಒಂದು ಮಧ್ಯಾಹ್ನದ ಕೆಲಸವಲ್ಲ.

ಒಳಗೆ ಕೂತವರಿಗೆ ಅಲೆಯಿಂದ ಅಪಾಯವಾ?

ಆಂಟೆನಾ ಕಬ್ಬಿಣದ ಛಾವಣಿ ನಡುವೆ ಇದ್ದರೆ ತಗಡೇ ಕೊಡೆಯಾಗುತ್ತದೆ. ಹಿಂದಿನ ಗಾಜಿನ ಪಕ್ಕ ಇದ್ದು, ಆ ಸೀಟಿನಲ್ಲಿ ಮಗು ಕೂತಿದ್ದರೆ ವ್ಯಾಟ್ ಇಳಿಸಿ. ಹೊರಗೆ ಯಾರಾದರೂ ಕಾರಿಗೆ ಒರಗಿದ್ದಾಗ ಮೈಕ್ ಒತ್ತಬೇಡಿ. ಮಾತಾಡುವಾಗ ಕಡ್ಡಿ ಮುಟ್ಟಿದರೆ ಚರ್ಮ ಸುಡಬಹುದು.

ಓಡಿಸುತ್ತಾ ಮಾತಾಡಬಹುದಾ?

ಕೈಯಲ್ಲಿ ಮೈಕ್ ಹಿಡಿಯಲು ಕೆಲವು ಕಡೆ ಕಾನೂನು ಬಿಡುತ್ತದೆ, ಕೆಲವು ಕಡೆ ಬಿಡುವುದಿಲ್ಲ. ಕಾನೂನು ಬಿಟ್ಟರೂ ತಿರುವಿನಲ್ಲಿ, ಸಿಗ್ನಲ್‌ನಲ್ಲಿ, ಮಳೆಯಲ್ಲಿ ನಾನು ಉತ್ತರಿಸುವುದಿಲ್ಲ. ‘ಸ್ವಲ್ಪ ತಡೀರಿ’ ಎಂದರೆ ಯಾವ ಹ್ಯಾಮ್ ಕೂಡ ಬೇಜಾರು ಮಾಡಿಕೊಳ್ಳುವುದಿಲ್ಲ. ಚಾನೆಲ್‌ಗಳನ್ನು ಹೊರಡುವ ಮೊದಲೇ ಮೆಮೊರಿಗೆ ಹಾಕಿಡಿ.

ಎಲ್ಲಿ ಆಫ್ ಮಾಡಬೇಕು?

ಪೆಟ್ರೋಲ್ ಬಂಕಿನಲ್ಲಿ. ಬಂಡೆ ಸಿಡಿಸುವ ಜಾಗದ ಹತ್ತಿರ ‘ರೇಡಿಯೋ ಆಫ್ ಮಾಡಿ’ ಎಂಬ ಬೋರ್ಡ್ ಕಂಡಲ್ಲಿ ತಪ್ಪದೇ. ವಿದ್ಯುತ್ ಡಿಟೊನೇಟರ್‌ನ ತಂತಿ ಆಂಟೆನಾದಂತೆ ನಿಮ್ಮ ಅಲೆಯನ್ನು ಹಿಡಿಯಬಹುದು.

ಕೂರಿಸಿ ಆದ ಮೇಲೆ ಮತ್ತೆ ಏನು ನೋಡಬೇಕು?

ಒಂದು ತಿಂಗಳ ನಂತರ ಬ್ಯಾಟರಿ ಲಗ್, ಬಾಡಿ ಬೋಲ್ಟ್, ಆಂಟೆನಾ ಬುಡ ಕೈಯಿಂದ ಅಲ್ಲಾಡಿಸಿ ನೋಡಿ, ಕುಲುಕಾಟಕ್ಕೆ ಸಡಿಲ ಆಗಿರುತ್ತವೆ. ಹತ್ತು ನಿಮಿಷ ಮಾತಾಡಿದ ಮೇಲೆ ಫ್ಯೂಸ್ ಹಿಡಿಕೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಿದ್ದರೆ ಅಲ್ಲೇ ವೋಲ್ಟ್ ಸೋರುತ್ತಿದೆ. ಮಳೆ ಬಂದ ಮಾರನೆಯ ದಿನ ಎಸ್‌ಡಬ್ಲ್ಯುಆರ್ ಇನ್ನೊಮ್ಮೆ ಅಳೆಯಿರಿ. ಏರಿದ್ದರೆ ಕನೆಕ್ಟರ್ ಬಿಚ್ಚಿ ನೋಡಿ, ಒಳಗೆ ನೀರಿರುತ್ತದೆ.